ಜಿ-37ರಲ್ಲಿ ಇದ್ದದ್ದು ಎಂತ?

2015ರ ಮೇ ಕೊನೆಯ ಭಾನುವಾರ. ಮಂಗಳೂರಿನ ಆ ಸೆಕೆ ಗೊತ್ತಿದ್ದವರಿಗೆ ಗೊತ್ತು. ಮಳೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ಆಕಾಶ ನೋಡುತ್ತಾ, ಬೆನ್ನಿಗೆ ಅಂಟಿದ ಅಂಗಿಯನ್ನು ಎಳೆಯುತ್ತಾ ಕೂರುವ ದಿನಗಳು. ಬೆಳಿಗ್ಗೆ ಏಳಕ್ಕೇ ಸರ್, ನನ್ನ ಹಳೆಯ ಕೆಮಿಸ್ಟ್ರಿ ಗೈಡ್, ಫೋನ್ ಮಾಡಿದರು. "ಇವತ್ತು ಎಂತ ಕೆಲಸ ಉಂಟು ನಿನಗೆ? ಬಾಟ್ಲಿ ಲಿಸ್ಟ್ ಮಾಡ್ಲಿಕ್ಕುಂಟು, ಬಾ."

ಅವತ್ತು ಅವರ ನಿವೃತ್ತಿಯ ದಿನ. ಭಾಷಣ, ಶಾಲು, ಹಾರ ಎಲ್ಲ ಶನಿವಾರವೇ ಮುಗಿದಿತ್ತು. ಉಳಿದದ್ದು ಲ್ಯಾಬಿನ ಮೂಲೆಯ ಮರದ ಕಪಾಟು. ಅದರಲ್ಲಿ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಅವರು, ಅವರ ವಿದ್ಯಾರ್ಥಿಗಳು ಮಾಡಿದ ಸಂಯುಕ್ತಗಳ ಪುಟ್ಟ ಪುಟ್ಟ ಬಾಟ್ಲಿಗಳು. ಹೆಚ್ಚಿನವು ಹಳೆಯ ಪೆನ್ಸಿಲಿನ್ ಇಂಜೆಕ್ಷನ್ ಬಾಟ್ಲಿಗಳೇ, ತೊಳೆದು ಒಣಗಿಸಿ ಇಟ್ಟುಕೊಂಡದ್ದು. ಸೋಮವಾರ ಅಪಾಯಕಾರಿ ತ್ಯಾಜ್ಯ ಒಯ್ಯುವವರ ವ್ಯಾನ್ ಬರುವುದಿತ್ತು. ಅವರಿಗೆ ಪ್ರತಿ ಬಾಟ್ಲಿಯಲ್ಲಿ ಏನಿದೆ ಅಂತ ಲಿಸ್ಟ್ ಬೇಕು. ಒಟ್ಟು 412 ಬಾಟ್ಲಿ.

ನಾನು ಅವರ ಹತ್ತಿರ 1998ರಲ್ಲಿ ಪಿಎಚ್.ಡಿಗೆ ಸೇರಿ 2001ರಲ್ಲಿ ಬಿಟ್ಟವನು. ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿತು, ಹೋದೆ. ಮುಗಿಸಿದವರು ಅಮೆರಿಕ, ಹೈದರಾಬಾದ್ ಅಂತ ಚದುರಿದ್ದಾರೆ. ಕಪಾಟು ಖಾಲಿ ಮಾಡಲಿಕ್ಕೆ ಸಿಕ್ಕಿದ್ದು ಬಿಟ್ಟು ಹೋದವನು ಒಬ್ಬನೇ.

ಸರ್ ಎಂ.ಎಸ್ಸಿ ಓದಿದ್ದು ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ. ಸರ್ಟಿಫಿಕೇಟ್ ಮಾತ್ರ ಮೈಸೂರು ವಿಶ್ವವಿದ್ಯಾನಿಲಯದ್ದು, ಯಾಕೆಂದರೆ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಆಗುವ ತನಕ ಅದು ಮೈಸೂರಿನ ಸ್ನಾತಕೋತ್ತರ ಕೇಂದ್ರ. "ಮೈಸೂರು ನೋಡದೆಯೇ ನಾನು ಮೈಸೂರಿನ ಪದವೀಧರ" ಅಂತ ಪ್ರತಿ ಬ್ಯಾಚಿಗೂ ಹೇಳುತ್ತಿದ್ದರು, ನಾವು ಪ್ರತಿ ಸಲವೂ ನಗಬೇಕಿತ್ತು. ಆಮೇಲೆ ಈ ಕಾಲೇಜಿಗೆ ಲೆಕ್ಚರರ್ ಆಗಿ ಬಂದರು, ಇಲ್ಲೇ ಉಳಿದರು. 2010ರಲ್ಲಿ ಯುಜಿಸಿಯವರು ಬಡ್ತಿಗೆ ಎಪಿಐ ಅಂತ ಅಂಕ ಲೆಕ್ಕ ಹಾಕುವ ಪದ್ಧತಿ ತಂದಾಗ, ಪೇಪರಿಗೆ ಇಷ್ಟು, ಸೆಮಿನಾರಿಗೆ ಇಷ್ಟು ಅಂತ ಫಾರ್ಮ್ ತುಂಬುತ್ತಾ "ಮಾಷ್ಟ್ರಿಗೂ ಮಾರ್ಕ್ಸ್ ಕಾರ್ಡ್ ಬಂತು" ಅಂದಿದ್ದರಂತೆ.

ಮೇಲಿನ ಎರಡು ಅರೆ ಸಲೀಸಾಗಿ ಹೋಯಿತು. ಅವು ಚಾಲ್ಕೋನ್‌ಗಳು. ಅಸಿಟೋಫಿನೋನ್ ಮತ್ತು ಬೆಂಜಾಲ್ಡಿಹೈಡ್ ಜಾತಿಯವನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಕಾಸ್ಟಿಕ್ ಸೋಡಾ ಹಾಕಿ ಕಲಕುತ್ತಾ ಇದ್ದರೆ, ಹೆಚ್ಚಾಗಿ ಹಳದಿ ಪುಡಿ ಕೆಳಗೆ ಕೂರುತ್ತದೆ. ಹೊಸ ಹುಡುಗರಿಗೆ ಸರ್ ಮೊದಲು ಕೊಡುತ್ತಿದ್ದದ್ದು ಇದನ್ನೇ, ಧೈರ್ಯ ಬರಲಿ ಅಂತ. ಅದಕ್ಕೆ ಹೈಡ್ರಜಿನ್ ಸೇರಿಸಿದರೆ ಪೈರಜೋಲಿನ್. ಮೂರನೇ ಅರೆ ಟ್ರಯಜೋಲ್‌ಗಳದ್ದು, ಅಂದರೆ ಮೂರು ನೈಟ್ರೋಜನ್ ಇರುವ ಉಂಗುರದ ಸಂಯುಕ್ತಗಳದ್ದು. ಮಳೆಗಾಲದಲ್ಲಿ ನಮ್ಮ ಊರಲ್ಲಿ ಹುಳುಕಡ್ಡಿ ಆಗದವರು ಕಡಿಮೆ. ಅದಕ್ಕೆ ಡಾಕ್ಟರು ಬರೆಯುವ ಫ್ಲುಕೊನಜೋಲ್ ಮಾತ್ರೆ ಉಂಟಲ್ವಾ, ಅದರ ಒಂದೊಂದು ಅಣುವಿನಲ್ಲೂ ಎರಡು ಟ್ರಯಜೋಲ್ ಉಂಗುರ. ಸರ್ ಕ್ಲಾಸಿನಲ್ಲಿ ಅದನ್ನು ಬೋರ್ಡಿನ ಮೇಲೆ ಬರೆದು, "ಯಾರಿಗೆ ತುರಿಸ್ತಾ ಉಂಟು, ಅವರಿಗೆ ಇದು ಬೇಗ ಅರ್ಥ ಆಗ್ತದೆ" ಅನ್ನುತ್ತಿದ್ದರು.

ನಾನು ಲೇಬಲ್ ಓದುವುದು, ಅವರು ಹೆಸರು ಹೇಳುವುದು. ಲೇಬಲಿನಲ್ಲಿ ಇರುವುದು ಬರೀ ಕೋಡ್, ಅದೂ ಪೆನ್ಸಿಲಿನಲ್ಲಿ. ಶಾಯಿಯಾದರೆ ಒಂದು ತೊಟ್ಟು ಅಸಿಟೋನ್ ಬಿದ್ದರೂ ಅಳಿಸುತ್ತದೆ. ಆ ಕೋಡಿನಿಂದ ಇಡೀ ಹೆಸರು ಅವರ ಬಾಯಲ್ಲಿ ಬರುತ್ತಿತ್ತು, ಮಾಡಿದ ಹುಡುಗಿಗೆ ಮದುವೆಯಾದದ್ದು ಎಲ್ಲಿಗೆ ಅನ್ನುವುದೂ ಜೊತೆಗೇ ಬರುತ್ತಿತ್ತು. ಒಂದು ಬಾಟ್ಲಿ ಹಿಡಿದು ಸುಮ್ನೆ ಕೂತರು. ಅದರ ಎನ್.ಎಂ.ಆರ್, ಅಂದರೆ ಅಣುವಿನ ರಚನೆ ತಿಳಿಯುವ ಪರೀಕ್ಷೆ, ಮಾಡಿಸಲಿಕ್ಕೆ ಹತ್ತು ಸ್ಯಾಂಪಲ್‌ಗಳನ್ನು ಅಂಗಿ ಕಿಸೆಯಲ್ಲಿ ಇಟ್ಟುಕೊಂಡು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿದ್ದರಂತೆ. ಶಿರಾಡಿ ಘಾಟಿಯಲ್ಲಿ ಬಸ್ಸು ಕೆಟ್ಟು ಇಡೀ ರಾತ್ರಿ ಜಿಗಣೆ ಕಾಟ. ಬೆಳಿಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯ ಗೇಟಿಗೆ ಮುಟ್ಟುವಾಗ ಕಿಸೆಯಲ್ಲಿ ಒಂಬತ್ತೇ ಇತ್ತು. ಈಗಿನ ಹುಡುಗರು ಕೊರಿಯರ್ ಮಾಡಿ ಫೋನಿನಲ್ಲಿ ಪೀಕ್ ನೋಡುತ್ತಾರೆ. ಆಗ ಆ ಉದ್ದ ಕಾಗದ ಬಂದು, ಚಾಲ್ಕೋನಿನ ಎರಡು ಹೈಡ್ರೋಜನ್‌ಗಳ ಪೀಕ್ ತಲಾ ಎರಡಾಗಿ ಸೀಳಿ, ಆ ಸೀಳಿನ ಅಂತರ 15-16 ಹರ್ಟ್ಸ್ ಅಂತ ಕಂಡರೆ, ಅಂದರೆ ಅವು ಎದುರುಬದುರಾಗಿ ಕೂತಿವೆ ಅಂತ ಖಾತ್ರಿಯಾದರೆ, ಅವತ್ತು ಎಲ್ಲರಿಗೂ ಬನ್ಸ್ ಅವರ ಲೆಕ್ಕದಲ್ಲಿ.

"ಇದರಲ್ಲಿ ಔಷಧ ಆದದ್ದು ಎಷ್ಟು ಸರ್?" ಅಂತ ಕೇಳಿದೆ. ಕೇಳಬಾರದಿತ್ತು ಅಂತ ಆಮೇಲೆ ಅನ್ನಿಸಿತು.

"ಒಂದೂ ಇಲ್ಲ" ಅಂದರು, ತಲೆ ಎತ್ತದೆ. "ಮುಂದಿನ ನಂಬರ್ ಹೇಳು."

ನಾಲ್ಕನೇ ಅರೆಯಲ್ಲಿ ಗ್ರಿಗ್ನಾರ್ಡ್‌ನ, ಅಂದರೆ ಈಥರಿನಲ್ಲಿ ಮೆಗ್ನೀಸಿಯಂ ಹಾಕಿ ಶುರು ಮಾಡುವ ಕ್ರಿಯೆಯ, ಸಾಮಾನು ಕಡಿಮೆ ಇತ್ತು, ಅದಕ್ಕೆ ಕಾರಣ ನಮ್ಮ ಹವೆ. ಗ್ರಿಗ್ನಾರ್ಡ್ ಕ್ರಿಯೆಗೆ 1912ರಲ್ಲಿ ನೊಬೆಲ್ ಬಂದಿದೆ, ಅದು ಸರಿ. ಆದರೆ ಒಂದು ಹನಿ ನೀರಿನ ಪಸೆ ಇದ್ದರೂ ಅದು ಶುರುವಾಗುವುದಿಲ್ಲ. ಜೂನ್ ತಿಂಗಳಲ್ಲಿ ನಮ್ಮಲ್ಲಿ ಉಪ್ಪಿನ ಡಬ್ಬಿಯೇ ನೀರು ಬಿಡುತ್ತದೆ. ಈಥರ್ ಕುದಿಯುವುದು 34.6 ಡಿಗ್ರಿಗೆ, ಮೇ ತಿಂಗಳಲ್ಲಿ ಮಾಡುವ ಅಂದರೆ ಮುಚ್ಚಳ ತೆಗೆದರೆ ಸಾಕು, ಹೋಯಿತು. ಹಾಗಾಗಿ ಡಿಸೆಂಬರ್, ಜನವರಿ ಮಾತ್ರ ಅಂತ ಸರ್ ನಿಯಮ. ನಾನು ಒಮ್ಮೆ ಹಠ ಮಾಡಿ ಜುಲೈಯಲ್ಲಿ ಇಟ್ಟೆ. ಫ್ಲಾಸ್ಕನ್ನು ಬೆಂಕಿಯಲ್ಲಿ ಒಣಗಿಸಿದೆ, ಈಥರಿಗೆ ಸೋಡಿಯಂ ತಂತಿ ಹಾಕಿದೆ, ಒಂದು ಹರಳು ಅಯೊಡಿನ್ ಹಾಕಿ ಕಂದು ಬಣ್ಣ ಮಾಯವಾಗಲಿ ಅಂತ ಕಾದೆ. ಮಧ್ಯಾಹ್ನ ಕಳೆದರೂ ಮೆಗ್ನೀಸಿಯಂ ಹಾಗೇ ಮಿಂಚುತ್ತಾ ಕೂತಿತ್ತು. ಸರ್ ಬಂದು ಬಗ್ಗಿ ನೋಡಿ, ಕಿಟಕಿಯಾಚೆ ಸುರಿಯುವ ಮಳೆ ನೋಡಿ, "ಆಪುಜಿ ಮಾರಾಯ" (ಆಗುವುದಿಲ್ಲ ಮಾರಾಯ) ಅಂತ ತುಳುವಿನಲ್ಲಿ ಅಂದು ಹೋದರು. ಬೈಯಲೂ ಇಲ್ಲ.

ಕಡೆಯ ಅರೆ ನಮ್ಮದು, ಗೇರುಬೀಜದ್ದು. ಕೋಡ್ ಜಿ.

ಇಲ್ಲಿ ಸುತ್ತ ಗೇರು ಫ್ಯಾಕ್ಟರಿಗಳು. ಬೀಜ ಒಡೆದ ಮೇಲೆ ಉಳಿಯುವ ಸಿಪ್ಪೆಯಲ್ಲಿ ಕಪ್ಪು ಎಣ್ಣೆ ಇರುತ್ತದೆ, ಹಿಂದೆ ಮರದ ದೋಣಿಗೆ ಬಳಿಯುತ್ತಿದ್ದರು. ಸುಡದ ಸಿಪ್ಪೆಯ ಎಣ್ಣೆಯಲ್ಲಿ ಹೆಚ್ಚಾಗಿ ಇರುವುದು ಅನಕಾರ್ಡಿಕ್ ಆಸಿಡ್. ಆಸ್ಪಿರಿನ್ ಮಾಡುವ ಸ್ಯಾಲಿಸಿಲಿಕ್ ಆಸಿಡಿಗೆ 15 ಕಾರ್ಬನ್ನಿನ ಉದ್ದ ಬಾಲ ಅಂಟಿಸಿದ ಹಾಗೆ ಅದು. ಬಿಸಿ ಮಾಡಿದರೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಕಾರ್ಡನಾಲ್ ಆಗುತ್ತದೆ. ಪುಕ್ಕಟೆ ಸಿಗುವ ಸಿಪ್ಪೆಯಿಂದ ಬೆಲೆ ಬಾಳುವ ಏನಾದರೂ ಮಾಡಬೇಕು ಅನ್ನುವುದು ಸರ್ ಆಸೆ. ನನ್ನ ಪಿಎಚ್.ಡಿ ಅದರ ಮೇಲೆಯೇ.

ಮೊದಲ ದಿನ ಒಂದು ಗೋಣಿ ಸಿಪ್ಪೆ ತಂದು ಬರಿಗೈಯಲ್ಲಿ ಕುಟ್ಟಿದೆ. ಗ್ಲೌಸ್ ಇತ್ತು, ಸೆಕೆಗೆ ತೆಗೆದಿಟ್ಟಿದ್ದೆ. ಮರುದಿನ ಎರಡು ಅಂಗೈಯಲ್ಲೂ ಗುಳ್ಳೆ. ಮಾವಿನ ಸೊನೆ ತಾಗಿದರೆ ತುಟಿ ಸುಡುತ್ತದಲ್ವಾ, ಗೇರೂ ಅದೇ ಕುಟುಂಬದ್ದು, ಆದರೆ ಇದು ಹತ್ತು ಪಾಲು ಜೋರು. ಅನ್ನ ಕಲಸಲಿಕ್ಕೆ ಆಗದೆ ಒಂದು ವಾರ ಚಮಚದಲ್ಲಿ ತಿಂದೆ. "ಫ್ಯಾಕ್ಟರಿಯ ಹೆಂಗಸರು ಕೈಗೆ ಎಣ್ಣೆ ಹಚ್ಚಿ, ಬೂದಿ ಮುಟ್ಟಿ ಕೂರ್ತಾರೆ. ಅವರನ್ನು ಒಂದು ಮಾತು ಕೇಳಿದ್ರೆ ಹೇಳ್ತಿದ್ರು. ನೀನು ಲೈಬ್ರರಿಯಲ್ಲಿ ಹುಡುಕಿದೆ" ಅಂದರು ಸರ್. ಆಮೇಲೆ ನನ್ನ ನೋಟ್‌ಬುಕ್ಕಿನ ಬದಿಯಲ್ಲಿ ಅಲ್ಲಲ್ಲಿ "ಗುಳ್ಳೆ" ಅಂತ ಕನ್ನಡದಲ್ಲಿ ಬರೆದಿರುತ್ತಿತ್ತು. ಕೈಗೆ ಯಾವ ದಿನ ಬಂತು ಅನ್ನುವ ಲೆಕ್ಕ.

ರಾತ್ರಿ ಎಂಟಕ್ಕೆ ಕೊನೆಯ ಬಾಟ್ಲಿ ಕೈಗೆ ಬಂತು. ಜಿ-37, ನನ್ನದೇ ಅಕ್ಷರ. ಬಿಟ್ಟು ಹೋಗುವ ಮೊದಲು ಮಾಡಿದ ಕೊನೆಯದ್ದು. ಒಳಗೆ ಕಾಫಿ ಬಣ್ಣದ ಅಂಟು. ಲೇಬಲಿನಲ್ಲಿ ಕೋಡಿನ ಕೆಳಗೆ ಶುದ್ಧ ಅನಕಾರ್ಡಿಕ್ ಆಸಿಡ್ ಅಂತ ಜಂಬದಲ್ಲಿ ಬರೆದಿದ್ದೆ. ಆ ಬಾಟ್ಲಿಯಿಂದ ಮುಂದಿನ ಹಂತ ಮಾಡಲಿಕ್ಕೆ ಎರಡು ತಿಂಗಳು ಒದ್ದಾಡಿದ್ದೆ. ಆರು ಸಲ ಇಟ್ಟರೂ ಆಗಲಿಲ್ಲ. ಏಳನೇ ಸಲ ಇಡಲಿಲ್ಲ, ಬೈಕಂಪಾಡಿಗೆ ಅರ್ಜಿ ಹಾಕಿದೆ. ಸರ್ ಅದನ್ನು ಬಲ್ಬಿನ ಎದುರು ಹಿಡಿದು ತಿರುಗಿಸಿದರು. "ಎಂತ ಬರೆಯುವುದು?"

"ಲೇಬಲಿನಲ್ಲಿ ಇದ್ದದ್ದೇ ಬರೆಯುವ ಸರ್." ಬರೆದೆವು. ಮರುದಿನ ವ್ಯಾನ್ ಬಂತು, 412 ಬಾಟ್ಲಿ ನಾಲ್ಕು ಡ್ರಮ್ಮಿನಲ್ಲಿ ಹೋಯಿತು.

ಶುಕ್ರವಾರ ಡ್ಯೂಟಿಯಲ್ಲಿ ಇರುವಾಗ ಫೋನ್. "ನಿನ್ನ ನೋಟ್‌ಬುಕ್ ಮನೆಗೆ ತಂದಿದ್ದೆ. ಜಿ-37ರ ಪುಟದಲ್ಲಿ ಬದಿಗೆ ಗುಳ್ಳೆ ಅಂತ ಬರೆದಿದ್ದಿ. ಅದು ಕೈಯಲ್ಲಿ ಬಂದದ್ದಾ, ಫ್ಲಾಸ್ಕಿನಲ್ಲಿ ಬಂದದ್ದಾ?"

ನನಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ ನೆನಪಾಯಿತು. ಕರಗಿಸಲಿಕ್ಕೆ ಹಾಕಿದ ಸಾಲ್ವೆಂಟಿನ ಕೊನೆಯ ಪಸೆ ಹೋಗಲಿ ಅಂತ ಫ್ಲಾಸ್ಕನ್ನು ಬಿಸಿ ಎಣ್ಣೆಯ ಪಾತ್ರೆಯಲ್ಲಿ ಇಟ್ಟು, ಕೆಳಗೆ ಗೋಳಿಬಜೆ ತಿನ್ನಲು ಹೋಗಿದ್ದೆ. ಬರುವಾಗ ಥರ್ಮಾಮೀಟರ್ 180 ದಾಟಿತ್ತು, ಫ್ಲಾಸ್ಕಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತಾ ಇತ್ತು. ಸಾಲ್ವೆಂಟ್ ಕುದಿಯುತ್ತಿದೆ ಅಂದುಕೊಂಡು ಒಂದು ಪದ ಗೀಚಿ ಮುಂದೆ ಹೋಗಿದ್ದೆ.

"ಫ್ಲಾಸ್ಕಿನಲ್ಲಿ ಸರ್."

"ಹಾಗಾದ್ರೆ ಅದು ಆಸಿಡ್ ಅಲ್ಲ ಮಾರಾಯ. ಇಂಗಾಲದ ಡೈಆಕ್ಸೈಡ್ ಹೋಗಿ ಆಗಿದೆ. ಕಾರ್ಡನಾಲ್ ಅದು. ಆಸಿಡೇ ಇಲ್ಲದೆ ಮುಂದಿನ ಹಂತ ಆಗುವುದು ಹೇಗೆ? ಲಿಸ್ಟಿನಲ್ಲಿ ತಪ್ಪು ಹೋಯ್ತಲ್ಲ."

"ವ್ಯಾನ್ ಹೋಗಿ ನಾಲ್ಕು ದಿನ ಆಯ್ತು ಸರ್."

"ಹೋಗ್ಲಿ. ನಮ್ಮ ಕಾಪಿಯಲ್ಲಿ ತಿದ್ದು."

ಕಾಪಿ ನನ್ನ ಬ್ಯಾಗಿನಲ್ಲೇ ಇತ್ತು. ಪೆನ್ಸಿಲ್ ಹುಡುಕಿ ತಿದ್ದಿದೆ.