ಬ್ಯಾಂಕ್ ಕೇಳಲಿಲ್ಲ ಅಂದ ಮಾತ್ರಕ್ಕೆ

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಮನೆ ಇನ್ಶೂರೆನ್ಸ್ ಮಾಡಿಸುವ ಆಫೀಸಿನಲ್ಲಿ ನನ್ನ ಕೆಲಸ. 2022ರ ಡಿಸೆಂಬರ್ 31ರಂದು ಊರಿನ ದಕ್ಷಿಣಕ್ಕೆ ಕೊಸಮ್ನಸ್ ನದಿಯ ಏರಿ ಒಡೆದು, ಹೈವೇ 99ಕ್ಕೆ ನೀರು ನುಗ್ಗಿ ಜನ ಸತ್ತರು. ರಜೆ ಮುಗಿದು ಆಫೀಸ್ ತೆರೆದರೆ ಫೋನಿಗೆ ಬಿಡುವೇ ಇಲ್ಲ.

ಅದರಲ್ಲೊಂದು ನಮ್ಮ ಕನ್ನಡದ ಹಿರಿಯರೊಬ್ಬರದು. ನದಿ ಏರಿಯ ಪಕ್ಕದಲ್ಲೇ ಮನೆ. "ಫ್ಲಡ್ ಪಾಲಿಸಿ ಇವತ್ತೇ ಮಾಡಿಬಿಡಮ್ಮ, ಕಾರ್ಡ್ ನಂಬರ್ ಬರ್ಕೋ" ಅಂದರು.

ಸರ್ಕಾರದ ಫ್ಲಡ್ ಪಾಲಿಸಿ ತಗೊಂಡರೆ ಜಾರಿಗೆ ಬರೋಕೆ 30 ದಿನ ಬೇಕು. ಏನಾದರೂ ವಿನಾಯಿತಿ ಸಿಗುತ್ತಾ ಅಂತ ಹುಡುಕಿದೆ. ಸಾಲದ ಜೊತೆ ಮಾಡಿಸಿದರೆ ಕಾಯಬೇಕಿಲ್ಲ.

"ರೀಫೈನಾನ್ಸ್ ಏನಾದ್ರೂ ಮಾಡ್ತಿದ್ದೀರಾ ಅಂಕಲ್?"

"ಸಾಲ ತೀರಿ ಎಷ್ಟೋ ವರ್ಷ ಆಯ್ತಲ್ಲಮ್ಮ."

ಮ್ಯಾಪ್ ಬದಲಾಗಿ ಮನೆ ಹೊಸದಾಗಿ ಅಪಾಯದ ಜೋನ್‌ಗೆ ಸೇರಿದ್ದರೆ, 13 ತಿಂಗಳೊಳಗೆ ತಗೊಂಡರೆ ಒಂದೇ ದಿನ ಸಾಕು. ವಿಪತ್ತು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಫೆಮಾದ ಪ್ರವಾಹದ ಮ್ಯಾಪ್ ತೆರೆದು ಅವರ ಬೀದಿ ತನಕ ಝೂಮ್ ಮಾಡಿದೆ. ಎಕ್ಸ್ ಜೋನ್, ಅಂದರೆ ಹೆಚ್ಚಿನ ಅಪಾಯದ ಪಟ್ಟಿಯಲ್ಲಿ ಇಲ್ಲದ ಜಾಗ. ಹಳೇ ಮ್ಯಾಪ್. ಫೋನಿನ ಆ ಕಡೆಯಿಂದ ಮಳೆ ಸದ್ದು ಜೋರಾಗಿ ಕೇಳುತ್ತಿತ್ತು. "ಏರಿ ಇದೆ, ಬ್ಯಾಂಕೂ ಫ್ಲಡ್ ಪಾಲಿಸಿ ಕೇಳಲಿಲ್ಲ. ಮನೆ ಪಾಲಿಸಿಯಲ್ಲಿ ಇದು ಬರಲ್ವಾ?" ಬರಲ್ಲ ಅಂತ ಹೇಳುವುದು ತುಂಬಾ ಕಷ್ಟವಾಯಿತು.

ಅವರದೇನೂ ತಪ್ಪಿಲ್ಲ. ಜೋನ್ ಅಂದರೆ ಬ್ಯಾಂಕ್ ಏನು ಕೇಳಬೇಕು, ಮನೆ ಹೇಗೆ ಕಟ್ಟಬೇಕು ಅನ್ನುವ ಲೆಕ್ಕ ಅಷ್ಟೇ. ಸ್ಯಾಕ್ರಮೆಂಟೊದ್ದೇ ಬಡಾವಣೆ ನಟೋಮಾಸ್ ನೋಡಿ. ಏರಿ ಸಾಲದು ಅಂತ 2008ರ ಕೊನೆಗೆ ಹೆಚ್ಚು ಅಪಾಯದ ಎಇ ಜೋನ್ ಮಾಡಿದರು, ಹೊಸ ಮನೆ ಕಟ್ಟುವುದು ಹೆಚ್ಚುಕಮ್ಮಿ ನಿಂತೇಹೋಯಿತು. ಏರಿ ಕೆಲಸ ಸಾಗಿದೆ ಅಂತ 2015ರಲ್ಲಿ ಎ99 ಅನ್ನುವ ಜೋನ್ ಕೊಟ್ಟರು. ಸಾಲ ಇದ್ದವರಿಗೆ ಇನ್ಶೂರೆನ್ಸ್ ಕಡ್ಡಾಯವಾಗೇ ಉಳಿಯಿತು, ಮನೆ ಎತ್ತರಿಸಿ ಕಟ್ಟಬೇಕು ಅನ್ನುವ ಫೆಮಾ ನಿಯಮ ಹೋಯಿತು. ನೆಲ ಮಾತ್ರ ಅದೇ ತಗ್ಗು. ಈ ಮ್ಯಾಪ್‌ಗಳು ಲೆಕ್ಕ ಹಾಕುವ "ನೂರು ವರ್ಷದ ಪ್ರವಾಹ" ಅಂದರೆ ವರ್ಷಕ್ಕೆ ಶೇ. 1 ಸಾಧ್ಯತೆ, 30 ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಶೇ. 26. ಅದಕ್ಕೂ ದೊಡ್ಡ ನೀರು ಬಂದರೆ, ಸರಿಯಿದೆ ಅಂತ ಸರ್ಟಿಫಿಕೇಟ್ ಪಡೆದ ಏರಿಯೂ ತಡೆಯುವ ಭರವಸೆ ಇಲ್ಲ.

ಅವರು ಆವತ್ತೇ ಹಣ ಕಟ್ಟಿದರು. ಆ 30 ದಿನ ಅವರ ಬೀದಿಗೆ ನೀರು ಬರಲಿಲ್ಲ, ಸದ್ಯ.

ನನಗೆ ಸಿಟ್ಟಿರುವುದು ಪಾಲಿಸಿಗೆ ಎಷ್ಟಾಗುತ್ತೆ ಅಂತ ಲೆಕ್ಕ ಕೊಡುವ ನಮ್ಮ ಕೋಟ್ ಸಾಫ್ಟ್‌ವೇರ್ ಮೇಲೆ. ಎಕ್ಸ್ ಜೋನ್ ಅಂದರೆ ಫ್ಲಡ್ ಇನ್ಶೂರೆನ್ಸ್ ಅನ್ನೋದನ್ನೇ ತೋರಿಸಲ್ಲ. ಬದಲಾಯಿಸಿ ಅಂತ ಮ್ಯಾನೇಜರಿಗೆ ಹೇಳಿ ಹೇಳಿ ಸಾಕಾಗಿದೆ. ಏರಿ ಪಕ್ಕದ ಪ್ರತಿ ಮನೆಗೂ ಈಗ ನಾನೇ ಬೇರೆಯಾಗಿ ಕೋಟ್ ತೆಗೆಯುತ್ತೇನೆ. ಸರ್ಕಾರದ ಪಾಲಿಸಿಯಲ್ಲಿ ಕಟ್ಟಡಕ್ಕೆ ಸಿಗುವುದು ಜಾಸ್ತಿ ಅಂದರೆ 2.5 ಲಕ್ಷ ಡಾಲರ್, ಸಾಮಾನಿಗೆ ಬೇರೆ ಕಟ್ಟಬೇಕು ಅಂತಲೂ ಹೇಳುತ್ತೇನೆ. ಬೇಡ ಅಂದವರ ಸಹಿ ತಗೊಳ್ಳುತ್ತೇನೆ. ಫೋನ್ ಮಾಡುವುದು ಸೆಪ್ಟೆಂಬರಿನಲ್ಲೇ, ಇಲ್ಲಿನ ಚಳಿಗಾಲದ ಮಳೆಗೆ ಮುಂಚೆ ಆ 30 ದಿನ ಕಳೆದಿರಲಿ ಅಂತ.