ಚಪ್ಪರದಡಿಯ ಬಿಸಿಲು

ಹೈಸ್ಕೂಲಿನಲ್ಲಿ ಲೋಯರ್, ಹೈಯರ್ ಎರಡೂ ಡ್ರಾಯಿಂಗ್ ಪರೀಕ್ಷೆ ಪಾಸಾದವಳು ನಾನು. ಆಮೇಲೆ ಬಿ.ಎಸ್ಸಿ., ಬಿ.ಎಡ್., ಶಾಲೆ, ಸಂಸಾರ. ಬ್ರಶ್ಶು, ಬಣ್ಣ ಎಲ್ಲ ಟ್ರಂಕು ಸೇರಿದವು. ಈಗ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ, ಸಂಜೆ ಹೊತ್ತು ನನ್ನದಾಗಿದೆ. ಹೋದ ರಜೆಯಲ್ಲಿ ಬಂದವಳು ಒಂದು ಪೆನ್ ಟ್ಯಾಬ್ಲೆಟ್ (ಮೇಲೆ ಪೆನ್ನು ಆಡಿಸಿದರೆ ಗೆರೆ ಕಂಪ್ಯೂಟರಿನಲ್ಲಿ ಮೂಡುವ ಹಲಗೆ) ತಂದುಕೊಟ್ಟು, ಮನೆಯ ಹಳೇ ಲ್ಯಾಪ್‌ಟಾಪಿಗೆ ಕ್ರಿಟಾ ಹಾಕಿ, "ಅಮ್ಮಾ, ಇನ್ನು ನೀನುಂಟು, ಇದುಂಟು" ಅಂದು ಹೋದಳು. ಕ್ರಿಟಾ ಚಿತ್ರ ಬಿಡಿಸುವವರಿಗೆಂದೇ ಮಾಡಿದ ತಂತ್ರಾಂಶ, ಪೂರ್ತಿ ಉಚಿತ.

ನನ್ನ ಟ್ಯಾಬ್ಲೆಟ್ಟಿಗೆ ಪರದೆಯಿಲ್ಲ. ಕೈ ಮೇಜಿನ ಮೇಲೆ, ಕಣ್ಣು ಲ್ಯಾಪ್‌ಟಾಪಿನ ಮೇಲೆ. ಇದಕ್ಕೆ ಒಗ್ಗಿಕೊಳ್ಳಲು ಬರೀ ವೃತ್ತ, ಉದ್ದ ಗೆರೆ, ಎಂಟರ ಆಕಾರ ತಿದ್ದಿದೆ. ನುಣುಪಾದ ಪ್ಲಾಸ್ಟಿಕ್ಕಿನ ಮೇಲೆ ಪೆನ್ನು ಜಾರುತ್ತದೆ. ಅದರ ಮೇಲೊಂದು ಬಿಳಿ ಹಾಳೆ ಅಂಟಿಸಿದ ಮೇಲೆ ಕೈಗೆ ಹಿಡಿತ ಸಿಕ್ಕಿತು. ಪೆನ್ನಿನ ತುದಿ ಬೇಗ ಸವೆಯುತ್ತದೆ ನಿಜ, ಆದರೆ ಬದಲಿ ತುದಿಗಳು ಡಬ್ಬಿಯಲ್ಲೇ ಇರುತ್ತವೆ.

ಬಹುಕಾಲದಿಂದ ಬಿಡಿಸಬೇಕೆಂದಿದ್ದ ಚಿತ್ರ ಒಂದಿತ್ತು. ಸಾಗರದ ಹತ್ತಿರ ದೊಡ್ಡಮ್ಮನ ಮನೆಯ ಅಂಗಳದಲ್ಲಿ ಅಡಿಕೆ ಒಣಗಿಸಲು ಚಪ್ಪರ ಹಾಕುತ್ತಾರೆ. ಸೋಗೆಯ ಸಂದಿಯಿಂದ ಇಳಿದ ಬಿಸಿಲು ಸಗಣಿ ಸಾರಿಸಿದ ನೆಲದ ಮೇಲೆ ಬೊಟ್ಟುಬೊಟ್ಟಾಗಿ ಬೀಳುತ್ತದೆ. ಸಂದಿ ಯಾವ ಆಕಾರದಲ್ಲಿದ್ದರೂ ಬೊಟ್ಟು ಮಾತ್ರ ದುಂಡಗೆ. ಏಕೆಂದರೆ ಪ್ರತಿ ಬೊಟ್ಟೂ ಸೂರ್ಯನ ಬಿಂಬ, ಸಂದಿಯೇ ಸೂಜಿರಂಧ್ರ ಕ್ಯಾಮೆರಾ. ಸೂರ್ಯ ನಮಗೆ ಸುಮಾರು ಅರ್ಧ ಡಿಗ್ರಿಯಷ್ಟು ಅಗಲ ಕಾಣುತ್ತಾನೆ, ಹಾಗಾಗಿ 9 ಅಡಿ ಎತ್ತರದ ಸಣ್ಣ ಸಂದಿಯಿಂದ ಬಿದ್ದ ಬೊಟ್ಟು ಹೆಚ್ಚುಕಡಿಮೆ ಒಂದಿಂಚು. ಮಧ್ಯಾಹ್ನ ಕಳೆದು ಬಿಸಿಲು ಓರೆಯಾದಂತೆ ಎಲ್ಲ ಬೊಟ್ಟುಗಳೂ ಒಂದೇ ದಿಕ್ಕಿಗೆ ಉದ್ದವಾಗಿ ದೀರ್ಘವೃತ್ತವಾಗುತ್ತವೆ. ವಿಜ್ಞಾನದ ತರಗತಿಯಲ್ಲಿ ವರ್ಷವರ್ಷವೂ ಹೇಳುವ ಪಾಠ ಇದು. ಅದನ್ನೇ ಬಣ್ಣದಲ್ಲಿ ತರುವ ಆಸೆ ನನಗೆ.

ಜಲವರ್ಣದಲ್ಲಿ ಇದು ಬಲು ಕಷ್ಟ. ಅಲ್ಲಿ ಬೆಳಕೆಂದರೆ ಬಣ್ಣ ತಾಗದೆ ಉಳಿಸಿಕೊಂಡ ಹಾಳೆ, ಇಷ್ಟೊಂದು ಬೊಟ್ಟುಗಳ ಸುತ್ತ ಬ್ರಶ್ಶು ಆಡಿಸುತ್ತ ಹೋದರೆ ನೆಲದ ಬಣ್ಣವೇ ಒಡೆದುಹೋಗುತ್ತದೆ. ಕ್ರಿಟಾದಲ್ಲಿ ಮೊದಲು ಇಡೀ ಅಂಗಳವನ್ನು ಬಿಸಿಲಿನ ಬಣ್ಣದಲ್ಲೇ ಬಳಿದೆ. ಅದರ ಮೇಲೆ ಇನ್ನೊಂದು ಲೇಯರ್, ಅಂದರೆ ಪಾರದರ್ಶಕ ಹಾಳೆಯಂಥ ಪದರ. ಅದರ ಮೋಡ್, ಅಂದರೆ ಕೆಳಗಿನ ಬಣ್ಣದೊಡನೆ ಬೆರೆಯುವ ರೀತಿ, ಕೆಳಗಿನದನ್ನು ಗಾಢವಾಗಿಸುವ ಮಲ್ಟಿಪ್ಲೈ; ಬಣ್ಣ ತುಸು ನೀಲಿ ಬೆರೆತ ಬೂದು. ಅಂಗಳಕ್ಕೆ ಅಂಗಳವೇ ನೆರಳಿಗೆ ಹೋಯಿತು. ಆಮೇಲೆ 'ಇ' ಕೀಲಿ ಒತ್ತಿದರೆ ಕೈಲಿದ್ದ ಬ್ರಶ್ಶೇ ರಬ್ಬರ್. ಮೆದು ಅಂಚಿನ ಬ್ರಶ್ಶಿನಿಂದ ನೆರಳನ್ನು ಒಂದೊಂದೇ ಬೊಟ್ಟಾಗಿ ಅಳಿಸಿದೆ, ಕೆಳಗಿನ ಬಿಸಿಲು ಎದ್ದು ಬಂತು. ಪೆನ್ನು ಹಗುರಾಗಿ ಒತ್ತಿದಲ್ಲಿ ಬೊಟ್ಟು ಮಂದ, ಬಿಗಿಯಾಗಿ ಒತ್ತಿದಲ್ಲಿ ಪ್ರಖರ. ಅಂಚು ಮಾತ್ರ ಎಲ್ಲೂ ಚೂಪಾಗಬಾರದು, ನಿಜವಾದ ಬೊಟ್ಟಿನ ಅಂಚೂ ಮೆತ್ತಗೇ ಇರುತ್ತದೆ.

ಬಹಳ ವರ್ಷ ಬಿಟ್ಟು ಮತ್ತೆ ಬಿಡಿಸಲು ಕೂರುವವರಿಗೆ ಒಂದು ಮಾತು: ನೂರಾರು ಬ್ರಶ್ಶುಗಳ ಬೆನ್ನು ಹತ್ತಬೇಡಿ. ಒಂದು ಗಟ್ಟಿ ಅಂಚಿನದು, ಒಂದು ಮೆದು ಅಂಚಿನದು ಸಾಕು. ಕಂಪ್ಯೂಟರಿನಲ್ಲಿ ಜಲವರ್ಣದ ನಕಲು ಮಾಡುವುದಕ್ಕಿಂತ ಪೋಸ್ಟರ್ ಕಲರಿನಂತೆ ಗಾಢದಿಂದ ತಿಳಿಗೆ ಬನ್ನಿ, ಕೈ ಬೇಗ ಹೊಂದಿಕೊಳ್ಳುತ್ತದೆ. ಬಣ್ಣಕ್ಕಿಂತ ನೆರಳು ಬೆಳಕು ಮುಖ್ಯ. ಎಲ್ಲಕ್ಕೂ ಮೇಲೆ ಕಪ್ಪು ತುಂಬಿದ ಒಂದು ಲೇಯರ್ ಇಟ್ಟು ಮೋಡನ್ನು 'ಕಲರ್' ಮಾಡಿದರೆ ಚಿತ್ರವೆಲ್ಲ ಕಪ್ಪುಬಿಳುಪಾಗಿ ಕಾಣುತ್ತದೆ. ಆಗಲೂ ಅಂಗಳ ಅಂಗಳದಂತೆ ಕಂಡರೆ ಚಿತ್ರ ನಿಂತಿತು ಅಂತ ಅರ್ಥ. 'ಎಂ' ಒತ್ತಿ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ನೋಡುವುದೂ ಒಳ್ಳೆಯದು, ಓರೆಕೋರೆ ತಟ್ಟನೆ ಕಣ್ಣಿಗೆ ಬೀಳುತ್ತದೆ.

ಎ4 ಅಳತೆಯಲ್ಲಿ, 300 ಡಿಪಿಐ (ಇಂಚಿಗೆ 300 ಚುಕ್ಕೆ), ಅಂದರೆ 2480 × 3508 ಪಿಕ್ಸೆಲ್ಲಿನಲ್ಲಿ ಬಿಡಿಸಿದ್ದರಿಂದ ಪ್ರಿಂಟ್ ಚೆನ್ನಾಗಿ ಬಂತು. ದೊಡ್ಡಮ್ಮ ಅದನ್ನು ಕನ್ನಡಕ ಹಾಕಿಕೊಂಡು ನೋಡಿ, "ಇದು ಮೂರು ಗಂಟೆ ಮೇಲಿನ ಬಿಸಿಲು ಅಲ್ದನೇ?" ಎಂದರು. ಹೌದು, ನಾನು ಫೋಟೊ ತೆಗೆದುಕೊಂಡದ್ದು ಆ ಹೊತ್ತಿಗೇ.

ಮುಂದಿನದು ಅದೇ ಅಂಗಳದ ನಡುಮಧ್ಯಾಹ್ನ, ಬೊಟ್ಟುಗಳೆಲ್ಲ ಪೂರ್ತಿ ವೃತ್ತ. ನಮ್ಮ ಕಡೆ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುವುದು ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ. ಆಗಸ್ಟ್ ಮಳೆಗೆ ಹೋಯಿತು. ಹಾಗಾಗಿ ಈ ಸಲ ಚಪ್ಪರವನ್ನು ಏಪ್ರಿಲ್ ಮುಗಿಯುವ ತನಕ ಬಿಚ್ಚಬೇಡಿ ಅಂತ ದೊಡ್ಡಮ್ಮನಿಗೆ ಈಗಲೇ ಹೇಳಿಟ್ಟಿದ್ದೇನೆ.