ವಿಂಡೋಸ್ ಇಲ್ಲದ ಮನೆಯಲ್ಲಿ ವಿಂಡೋಸ್ ಇನ್‌ಸ್ಟಾಲರ್

ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇಲ್ಲ. ಆದರೂ ನಿನ್ನೆ ರಾತ್ರಿ ನಮ್ಮ ಪುಟ್ಟ ಓಪನ್ ಸೋರ್ಸ್ ತಂತ್ರಾಂಶಕ್ಕೆ ವಿಂಡೋಸ್ ಇನ್‌ಸ್ಟಾಲರ್ ಕಟ್ಟಿದೆ. ಪಾಡ್‌ಮ್ಯಾನ್ ಅನ್ನೋ ತಂತ್ರಾಂಶದಲ್ಲಿ ಒಂದು ಫೆಡೋರಾ ಕಂಟೇನರ್ (ಲ್ಯಾಪ್‌ಟಾಪಿನೊಳಗೇ ಬೇರೆಯಾಗಿಟ್ಟ ಪುಟ್ಟ ಲಿನಕ್ಸ್ ಜಾಗ), ಅದರೊಳಗೆ ನಮ್ಮ ಕೋಡನ್ನು ವಿಂಡೋಸ್ ಪ್ರೋಗ್ರಾಂ ಆಗಿ ಬದಲಿಸುವ ಮಿಂಗ್‌ಡಬ್ಲ್ಯೂ ಕಂಪೈಲರ್, ಕೊನೆಗೆ ಎಲ್ಲವನ್ನೂ ಒಂದೇ ಫೈಲಿಗೆ ತುಂಬಿಕೊಡಲು ಎನ್‌ಎಸ್‌ಐಎಸ್. (ಹಾಡು ಕೇಳುವ ವಿನ್‌ಆಂಪ್ ನೆನಪಿದೆಯಾ? ಅದನ್ನು ಮಾಡಿದ ನಲ್‌ಸಾಫ್ಟ್‌ನವರೇ ಇದನ್ನೂ ಶುರು ಮಾಡಿದ್ದು.)

ಕಂಪೈಲ್ ಸಲೀಸಾಗಿ ಆಯಿತು. ವಿಂಡೋಸ್ ಇಲ್ಲದೆಯೇ ವಿಂಡೋಸ್ ಪ್ರೋಗ್ರಾಂ ಓಡಿಸುವ ವೈನ್‌ನಲ್ಲೂ ಓಡಿತು. ಖುಷಿಯಲ್ಲಿ ಗೆಳೆಯನಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನ್: “ಯಾವುದೋ ಡಿಎಲ್‌ಎಲ್ ಇಲ್ಲ ಅಂತಿದೆಯಲ್ಲೋ!” ಡಿಎಲ್‌ಎಲ್ ಅಂದರೆ ಪ್ರೋಗ್ರಾಂ ಓಡಲು ಬೇಕಾದ ಸಹಾಯಕ ಫೈಲು. ನೋಡಿದರೆ ಲಿಬ್‌ವಿನ್‌ಪಿಥ್ರೆಡ್. ಕಂಪೈಲರ್ ಜೊತೆ ಬರುವ ಆ ಫೈಲನ್ನು ಇನ್‌ಸ್ಟಾಲರಿಗೆ ಹಾಕುವುದೇ ಮರೆತಿದ್ದೆ. ವೈನ್‌ಗೆ ಮಾತ್ರ ಅದು ಎಲ್ಲಿದೆ ಅಂತ ನಾನೇ ದಾರಿ ತೋರಿಸಿಟ್ಟಿದ್ದೆ. ಪ್ರೋಗ್ರಾಂಗೆ ಯಾವ ಯಾವ ಡಿಎಲ್‌ಎಲ್ ಬೇಕು ಅಂತ ತೋರಿಸುವ ಆಬ್ಜ್‌ಡಂಪ್‌ನಲ್ಲಿ ಪಟ್ಟಿ ತೆಗೆದು, ಬೇಕಾದ್ದನ್ನೆಲ್ಲ ಸೇರಿಸಿ ಮತ್ತೆ ಕಟ್ಟುವಷ್ಟರಲ್ಲಿ ರಾತ್ರಿ ಒಂದೂವರೆ.

ಯಾಕೋ ಮದುವೆ ಅಡುಗೆ ಭಟ್ಟರು ನೆನಪಾದರು. ಸೌಟು ಕೂಡ ತಾವೇ ತರುತ್ತಾರೆ. ಛತ್ರದಲ್ಲಿ ಇರುತ್ತೆ ಅಂತ ನಂಬುವವರೇ ಅಲ್ಲ. ನಾನು ಸುಮ್ನೆ ನಂಬಿಬಿಟ್ಟಿದ್ದೆ, ಅಲ್ವಾ?

ಈಗಷ್ಟೇ ಗೆಳೆಯನಿಂದ ಸ್ಕ್ರೀನ್‌ಶಾಟ್ ಬಂತು. ಇನ್‌ಸ್ಟಾಲ್ ಆಗಿದೆ. ಐಕಾನ್ ಮಾತ್ರ ಸ್ವಲ್ಪ ಮಸುಕಂತೆ.